‘ಅಡ್ಡಗಟ್ಟಿ, ಬೈದು, ದೊಣ್ಣೆಯಿಂದ ಹೊಡೆದು’: ಹಲ್ಲೆ ಕೇಸನ್ನು ಓದುವುದು ಹೇಗೆ?

ಪೊಲೀಸ್ ಠಾಣೆಯಲ್ಲಿ ಬರೆಸಿದ ಹಲ್ಲೆ ದೂರುಗಳನ್ನು ಒಂದಾದ ಮೇಲೊಂದು ಓದಿ ನೋಡಿ. ಜಗಳ ಬೀದರಿನದ್ದಿರಲಿ, ಮಡಿಕೇರಿಯದ್ದಿರಲಿ, ಗದ್ದೆಯ ಬದುವಿನ ಮೇಲಾಗಿರಲಿ, ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಾಗಿರಲಿ, ಒಂದು ವಾಕ್ಯ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ‘ನನ್ನನ್ನು ಅಡ್ಡಗಟ್ಟಿ, ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ದೊಣ್ಣೆಯಿಂದ ಹಲ್ಲೆ ಮಾಡಿ, ಕೊಲ್ಲುವುದಾಗಿ ಬೆದರಿಕೆ ಹಾಕಿರುತ್ತಾರೆ.’

ಇದು ಬರೆದವರ ಸೋಮಾರಿತನ ಅಂದುಕೊಳ್ಳಬೇಡಿ. ಈ ವಾಕ್ಯದ ಒಂದೊಂದು ಕ್ರಿಯಾಪದದ ಬೆನ್ನಿಗೂ ಒಂದೊಂದು ಸೆಕ್ಷನ್ ಇದೆ. ಹಳೆಯ ಭಾರತೀಯ ದಂಡ ಸಂಹಿತೆ ಇದ್ದಾಗ ಅಡ್ಡಗಟ್ಟಿದ್ದಕ್ಕೆ 341, ಬೈದದ್ದಕ್ಕೆ 504, ಕೈಯಿಂದ ಹೊಡೆದದ್ದಕ್ಕೆ 323, ದೊಣ್ಣೆಗೆ 324, ಬೆದರಿಕೆಗೆ 506. ಒಬ್ಬರಿಗಿಂತ ಜಾಸ್ತಿ ಜನ ಇದ್ದರೆ ಕೊನೆಯಲ್ಲಿ ‘ರೆಡ್ ವಿತ್ 34’, ಅಂದರೆ ಸಮಾನ ಉದ್ದೇಶದ 34ರ ಜೊತೆ ಸೇರಿಸಿ ಓದಿ, ಎಂಬ ಬಾಲ. ಕೋರ್ಟಿನ ಕಾರಿಡಾರಿನಲ್ಲಿ ಇದನ್ನು ಮಗ್ಗಿಯ ಹಾಗೆ ಹೇಳುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಮಗ್ಗಿ ಬದಲಾಯಿತು. ಈಗ 126(2), 352, 115(2), 118(1), 351(2), ಬಾಲಕ್ಕೆ 3(5). ಆ ದಿನಾಂಕಕ್ಕೆ ಮೊದಲು ನಡೆದ ಜಗಳಗಳಿಗೆ ಹಳೆಯ ಸಂಖ್ಯೆಗಳೇ ಇನ್ನೂ ಓಡುತ್ತಿವೆ. ಹಾಗಾಗಿ ಸದ್ಯ ಎಲ್ಲರೂ ಎರಡು ಮಗ್ಗಿ ನೆನಪಿಟ್ಟುಕೊಳ್ಳಬೇಕು.

ಕೇಸಿನಲ್ಲಿ ಸಿಕ್ಕಿಕೊಂಡವರು ಮೊದಲು ಕೇಳುವುದು ‘ಒಳ್ಳೆ ವಕೀಲರು ಯಾರಿದ್ದಾರೆ?’ ಅಂತ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ವಕೀಲರು ಮಾಡುವ ಮೊದಲ ಕೆಲಸವೂ ಈ ಒಂದು ವಾಕ್ಯವನ್ನು ಬಿಡಿಸುವುದೇ. ಯಾವ ಪದಕ್ಕೆ ಸಾಕ್ಷಿ ಇದೆ, ಯಾವುದು ಸುಮ್ನೆ ಸೇರಿಕೊಂಡಿದೆ, ಯಾವುದು ತೆಗೆದರೆ ಕೇಸು ಹಗುರಾಗುತ್ತದೆ ಎಂದು ಅವರು ನೋಡುತ್ತಾರೆ. ನಾವೂ ಅದನ್ನೇ ಮಾಡೋಣ.

‘ಅಡ್ಡಗಟ್ಟಿ’ ಯಾಕೆ ಮೊದಲು?

ಕೆನ್ನೆಗೆ ಹೊಡೆದರು, ಗುದ್ದಿದರು, ಒದ್ದರು. ಇದು ಸಾದಾ ಗಾಯ, 115(2). ಒಂದು ವರ್ಷದ ತನಕ ಜೈಲು ಅಥವಾ 10,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಆದರೆ ಇದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ‘ಎನ್‌ಸಿಆರ್ ಮಾಡಿ ಕಳಿಸಿದರು’ ಎಂದು ಜನ ಹೇಳುವುದು ಇದನ್ನೇ. ಎಫ್‌ಐಆರ್ ಇಲ್ಲ, ಬರೀ ಒಂದು ಸ್ವೀಕೃತಿ.

ದಾರಿಗೆ ಅಡ್ಡ ನಿಂತು ತಡೆಯುವುದು ಮಾತ್ರ ಸಂಜ್ಞೇಯ. ಶಿಕ್ಷೆ ಚಿಕ್ಕದು, ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ. ಆದರೂ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 174ರಲ್ಲಿ ಇನ್ನೊಂದು ನಿಯಮವಿದೆ: ಹಲವು ಅಪರಾಧಗಳಲ್ಲಿ ಒಂದು ಸಂಜ್ಞೇಯವಾಗಿದ್ದರೂ ಇಡೀ ಕೇಸು ಸಂಜ್ಞೇಯ. ಈಗ ಗೊತ್ತಾಯಿತಲ್ವಾ, ಪ್ರತಿ ದೂರೂ ‘ಅಡ್ಡಗಟ್ಟಿ’ಯಿಂದ ಯಾಕೆ ಶುರುವಾಗುತ್ತದೆ ಅಂತ? ಆ ಒಂದು ಪದ ಎನ್‌ಸಿಆರ್ ಅನ್ನು ಎಫ್‌ಐಆರ್ ಮಾಡುವ ಕೀಲಿಕೈ. ಎಷ್ಟೋ ಸಲ ನಿಜವಾಗಿಯೂ ಅಡ್ಡಗಟ್ಟಿರುತ್ತಾರೆ. ಕೆಲವು ಸಲ ಜಗಳ ದೂರು ಕೊಟ್ಟವರ ಅಂಗಳದಲ್ಲೇ ನಡೆದಿರುತ್ತದೆ. ಕುರ್ಚಿಯಲ್ಲಿ ಕೂತಿದ್ದವರನ್ನು ಅಡ್ಡಗಟ್ಟುವುದು ಹೇಗೆ ಎಂದು ಪಾಟಿ ಸವಾಲಿನಲ್ಲಿ ಕೇಳಿದಾಗ ಸಾಕ್ಷಿ ತಡವರಿಸುತ್ತಾರೆ.

ಇನ್ನೊಂದು ಪದದ ಬಗ್ಗೆ ಚಿಕ್ಕ ಮಾತು. ಪತ್ರಿಕೆಯಲ್ಲಿ ‘ಹಲ್ಲೆ’ ಅಂದರೆ ಹೊಡೆತ. ಆದರೆ ಕಾನೂನಿನ ‘ಅಸಾಲ್ಟ್’ಗೆ ಹೊಡೆತವೇ ಬೇಕಿಲ್ಲ. ಈಗಲೇ ಹೊಡೆದುಬಿಡುತ್ತಾರೆ ಎಂದು ಎದುರಿನವರಿಗೆ ಅನಿಸುವ ಹಾಗೆ ಕೈ ಎತ್ತಿದರೂ ಸಾಕು. ಬರೀ ಬಾಯಿಮಾತು ಸಾಲದು. ಸೆಕ್ಷನ್ 130 ಇದನ್ನೇ ಹೇಳುತ್ತದೆ. ಎದುರಿಗಿದ್ದವರು ಸಾಮಾನ್ಯರಾದರೆ ಅದಕ್ಕೆ ಹೆಚ್ಚೆಂದರೆ ಮೂರು ತಿಂಗಳು. ಕರ್ತವ್ಯದ ಮೇಲಿರುವ ಬಸ್ ಕಂಡಕ್ಟರೋ ಕಂದಾಯ ನಿರೀಕ್ಷಕರೋ ಪೊಲೀಸರೋ ಆಗಿದ್ದು, ಅವರ ಕೆಲಸಕ್ಕೆ ಅಡ್ಡಿ ಮಾಡಲು ಕೈ ಎತ್ತಿದ್ದರೆ ಸೆಕ್ಷನ್ 132. ಎರಡು ವರ್ಷದ ತನಕ ಶಿಕ್ಷೆ, ಅದೂ ಜಾಮೀನು ರಹಿತ. ಹಳೆಯ 353 ಇದೇ. ಆಸ್ಪತ್ರೆಯ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆಯೇ ಇದೆ.

ದೊಣ್ಣೆ ತಂದ ಬದಲಾವಣೆ

ಹೊಸ ಕಾನೂನಿನಲ್ಲಿ ಸಂಖ್ಯೆ ಮಾತ್ರ ಬದಲಾಗಿದೆ ಎಂದು ಹಲವರು ಅಂದುಕೊಂಡಿದ್ದಾರೆ. ಹಲ್ಲೆ ಕೇಸಿನ ಮಟ್ಟಿಗೆ ಅದು ತಪ್ಪು. ಹಳೆಯ 324 ಕೋರ್ಟುಗಳ ದಿನಬಳಕೆಯಲ್ಲಿ ಜಾಮೀನು ಸಿಗುವ ಕೇಸಾಗಿತ್ತು. ಠಾಣೆಯಲ್ಲೇ ಬಾಂಡ್ ಬರೆದುಕೊಟ್ಟು ಮನೆಗೆ ಬರಬಹುದಿತ್ತು. ಅದರ ಜಾಗಕ್ಕೆ ಬಂದ 118(1) ಈಗ ಜಾಮೀನು ರಹಿತ. ಶಿಕ್ಷೆ ಮೂರು ವರ್ಷದ ತನಕ, ದಂಡ 20,000 ರೂಪಾಯಿ ತನಕ. ಅಂದರೆ ಆ ವಾಕ್ಯದಲ್ಲಿ ‘ದೊಣ್ಣೆ’ ಇದೆಯೋ ಇಲ್ಲವೋ ಎಂಬುದರ ಮೇಲೆ ಆ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದು ನಿಂತಿದೆ.

ಇಲ್ಲೊಂದು ತಮಾಷೆಯೂ ಇದೆ. ಮುಷ್ಟಿಯಿಂದ ಗುದ್ದಿ ದವಡೆ ಮೂಳೆ ಮುರಿದರೆ ಅದು ತೀವ್ರ ಗಾಯ, 117(2). ಏಳು ವರ್ಷದ ತನಕ ಶಿಕ್ಷೆ, ಆದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಬ್ಲೇಡಿನಿಂದ ಬೆರಳಿಗೆ ಗೀರು ಬಿದ್ದರೆ ಮೂರೇ ವರ್ಷದ ಅಪರಾಧ, ಜಾಮೀನು ಮಾತ್ರ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಕಾನೂನು ಬರೆದವರು ಆಯುಧಕ್ಕೆ ಹೆಚ್ಚು ಹೆದರಿದ್ದಾರೆ ಎಂದು ಸಮರ್ಥಿಸಬಹುದು. ನನಗಂತೂ ಇದು ತಲೆಕೆಳಗಾದ ಲೆಕ್ಕದ ಹಾಗೆ ಕಾಣುತ್ತದೆ.

ಹಾಗಾದರೆ ಕೈಗೆ ಸಿಕ್ಕಿದ್ದೆಲ್ಲ ಆಯುಧವೇ? ಅಲ್ಲ. ಗುಂಡು ಹಾರಿಸುವ, ಇರಿಯುವ, ಕತ್ತರಿಸುವ ವಸ್ತು, ಅಥವಾ ಆಯುಧವಾಗಿ ಬಳಸಿದರೆ ಸಾವು ತರಬಲ್ಲ ವಸ್ತು ಎಂದು ಸೆಕ್ಷನ್ ಹೇಳುತ್ತದೆ. ಬೆಂಕಿ, ಆ್ಯಸಿಡ್, ವಿಷ, ಪ್ರಾಣಿಯನ್ನು ಛೂ ಬಿಡುವುದು ಕೂಡ ಸೇರುತ್ತದೆ. ದೊಣ್ಣೆ ಮತ್ತು ಕಲ್ಲು ಚರ್ಚೆಯ ವಸ್ತುಗಳು. ಮಥಾಯಿ ವಿರುದ್ಧ ಕೇರಳ ರಾಜ್ಯ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಕಲ್ಲಿನ ವಿಷಯವನ್ನೇ ನೋಡಿತು. ಆ ಕಲ್ಲು ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಸಾಕ್ಷ್ಯ ಇಲ್ಲ ಎಂದು ಅಪಾಯಕಾರಿ ಆಯುಧದ ಸೆಕ್ಷನ್ನನ್ನು ಕೆಳಗಿಳಿಸಿತು. ಅದಕ್ಕೂ ಒಂದು ವರ್ಷ ಮೊದಲು, ಬೆರಳು ಕಚ್ಚಿ ತುಂಡು ಮಾಡಿದ ಪ್ರಕರಣದಲ್ಲಿ ಮನುಷ್ಯನ ಹಲ್ಲು ಮಾರಕಾಯುಧ ಅಲ್ಲ ಎಂದಿತ್ತು. ಹಾಗಾಗಿ ಮಹಜರಿನಲ್ಲಿ ದೊಣ್ಣೆಯ ಉದ್ದ, ದಪ್ಪ ಬರೆದಿದ್ದಾರಾ, ಅದನ್ನು ಎಲ್ಲಿಂದ ವಶಪಡಿಸಿಕೊಂಡರು, ವೈದ್ಯರಿಗೆ ತೋರಿಸಿ ಅಭಿಪ್ರಾಯ ಪಡೆದಿದ್ದಾರಾ ಎನ್ನುವುದೆಲ್ಲ ಪ್ರತಿವಾದಿ ವಕೀಲರ ಮೊದಲ ಪ್ರಶ್ನೆಗಳು.

ಹೆಸರುಗಳ ಲೆಕ್ಕವೂ ಹೀಗೇ. ಅಣ್ಣ ಹೊಡೆದರೆ ಎಫ್‌ಐಆರ್‌ನಲ್ಲಿ ತಮ್ಮ, ಅತ್ತಿಗೆ, ಎಪ್ಪತ್ತು ದಾಟಿದ ಅಮ್ಮ ಎಲ್ಲರೂ ಎ1, ಎ2, ಎ3 ಆಗಿ ಸಾಲು ನಿಲ್ಲುತ್ತಾರೆ. ನಾಲ್ಕು ಹೆಸರಿದ್ದರೆ ಸಮಾನ ಉದ್ದೇಶದ 3(5). ಐದನೇ ಹೆಸರು ಸೇರಿದ ಕೂಡಲೇ ಅಕ್ರಮ ಕೂಟ, ದೊಂಬಿ, ಗುಂಪಿನ ಪ್ರತಿಯೊಬ್ಬರನ್ನೂ ಹೊಣೆ ಮಾಡುವ 190 ಒಳಬರುತ್ತವೆ. ಯಾರು ಏನು ಮಾಡಿದರು ಎಂದು ಹೇಳದೆ ‘ಇವರೆಲ್ಲರೂ ಸೇರಿ’ ಎಂದಷ್ಟೇ ಬರೆದಿದ್ದರೆ, ಅಂಥವರನ್ನು ಕೈಬಿಡಿ ಎಂದು ಕೋರ್ಟಿನಲ್ಲಿ ಕೇಳಲು ಜಾಗವಿದೆ.

ಆಸ್ಪತ್ರೆಯ ಚೀಟಿ

ಹಲ್ಲೆ ಕೇಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಕಾಗದ ವೂಂಡ್ ಸರ್ಟಿಫಿಕೇಟ್. ಗಾಯಾಳು ಸರ್ಕಾರಿ ಆಸ್ಪತ್ರೆಗೆ ಹೋದಾಗ ವೈದ್ಯರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸು) ಎಂದು ದಾಖಲಿಸಿ, ಗಾಯ ಎಲ್ಲಿ, ಎಷ್ಟು ಉದ್ದ, ಎಷ್ಟು ಹೊತ್ತಿನ ಹಿಂದಿನದು ಎಂದು ಬರೆಯುತ್ತಾರೆ. ಅದರ ಜೊತೆಗೆ ಗಾಯಾಳು ಹೇಳಿದ ಮಾತನ್ನೂ ಬರೆಯುತ್ತಾರೆ: ಯಾರು ಹೊಡೆದರು, ಯಾವುದರಿಂದ, ಎಷ್ಟು ಗಂಟೆಗೆ. ಠಾಣೆಗೆ ಹೋಗುವ ಮೊದಲು, ಯಾರ ಸಲಹೆಯೂ ಸೇರುವ ಮೊದಲು ಬಂದ ಮಾತು ಅದು. ಅಲ್ಲಿ ‘ಬಿದ್ದು ಗಾಯವಾಯಿತು’ ಎಂದಿದ್ದು ದೂರಿನಲ್ಲಿ ‘ಕಬ್ಬಿಣದ ರಾಡು’ ಬಂದಿದ್ದರೆ ಕೇಸಿನ ಕಾಲು ಅಲ್ಲೇ ಕುಂಟುತ್ತದೆ. ಮನೆಯ ಮರ್ಯಾದೆಗೆ ಅಂಜಿ ಆಸ್ಪತ್ರೆಯಲ್ಲಿ ‘ಜಾರಿ ಬಿದ್ದೆ’ ಅನ್ನುವ ಹೆಂಗಸರು ಎಷ್ಟೋ ಜನ. ನಿಜವಾಗಿ ಪೆಟ್ಟು ತಿಂದವರಿಗೆ ಆ ಒಂದು ಸಾಲು ಮುಂದೆ ದುಬಾರಿಯಾಗುತ್ತದೆ.

ಗಾಯ ಸಾದಾ ಅಥವಾ ತೀವ್ರ ಎಂದು ಬೇರೆ ಮಾಡುವುದು ನೋವಿನ ಅಳತೆಯಿಂದ ಅಲ್ಲ, ಸೆಕ್ಷನ್ 116ರ ಪಟ್ಟಿಯಿಂದ. ಕಣ್ಣು ಅಥವಾ ಕಿವಿ ಶಾಶ್ವತವಾಗಿ ಹೋಗುವುದು, ಮುಖ ವಿಕಾರವಾಗುವುದು, ಮೂಳೆ ಇಲ್ಲವೇ ಹಲ್ಲು ಮುರಿಯುವುದು ಹೀಗೆ. ಒಂದು ಹಲ್ಲು ಮುರಿದರೂ ಅದು ತೀವ್ರ ಗಾಯವೇ. ಪಟ್ಟಿಯ ಕೊನೆಯಲ್ಲಿರುವುದು ಜೀವಕ್ಕೆ ಅಪಾಯ ತರುವ ಗಾಯ, ಅಥವಾ ಇಂತಿಷ್ಟು ದಿನ ವಿಪರೀತ ನೋವು ಕೊಡುವ, ದಿನನಿತ್ಯದ ಕೆಲಸ ಮಾಡಲು ಬಿಡದ ಗಾಯ. ಮೊದಲು ಅದಕ್ಕೆ 20 ದಿನ ಬೇಕಿತ್ತು, ಈಗ 15 ಸಾಕು. ಮೂಳೆ ಮುರಿದಿದೆ ಎಂದು ಬರೆದಿದ್ದರೆ ಎಕ್ಸ್‌ರೇ ಎಲ್ಲಿ, ಅದನ್ನು ಓದಿದ ವೈದ್ಯರು ಸಾಕ್ಷಿ ಹೇಳಿದ್ದಾರಾ ಎಂದು ಕೋರ್ಟ್ ಕೇಳುತ್ತದೆ. ಆಯುಧದಿಂದಲೇ ತೀವ್ರ ಗಾಯವಾಗಿದ್ದರೆ 118(2). ಈಗ ಅದಕ್ಕೆ ಕನಿಷ್ಠ ಒಂದು ವರ್ಷ ಎಂಬ ತಳಪಾಯವಿದೆ, ಮೇಲಕ್ಕೆ ಜೀವಾವಧಿಯ ತನಕ ಹೋಗಬಹುದು.

ಕೇಸು, ಕೌಂಟರ್ ಕೇಸು

2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಡೆ ನಡೆದ ಜಗಳ ನಿಮಗೆ ನೆನಪಿರಬಹುದು. ವಾಯುಪಡೆಯ ಅಧಿಕಾರಿಯೊಬ್ಬರು ರಕ್ತ ಸುರಿಯುತ್ತಿದ್ದ ಮುಖದೊಂದಿಗೆ ವಿಡಿಯೊ ಮಾಡಿ, ಬೈಕ್ ಸವಾರ ತಮ್ಮ ಮೇಲೆ ಹಲ್ಲೆ ಮಾಡಿದ ಎಂದರು. ಸವಾರನ ಬಂಧನವಾಯಿತು. ದೇಶದ ತುಂಬ ಭಾಷೆಯ ಜಗಳ ಎಂದು ಸುದ್ದಿಯಾಯಿತು. ಆಮೇಲೆ ಸಿಸಿಟಿವಿ ದೃಶ್ಯಗಳು ಹೊರಬಂದವು. ಅಧಿಕಾರಿಯೂ ಸವಾರನನ್ನು ಹೊಡೆಯುತ್ತಿರುವುದು ಅದರಲ್ಲಿ ಕಂಡಿತು. ಸವಾರನ ಕಡೆಯಿಂದ ಪ್ರತಿದೂರು ಬಂತು, ಕೊಲೆ ಯತ್ನದ ಸೆಕ್ಷನ್ 109 ಕೂಡ ಸೇರಿತು. ಅಧಿಕಾರಿ ಹೈಕೋರ್ಟಿಗೆ ಹೋದರು, ಬಲವಂತದ ಕ್ರಮ ಬೇಡ ಎಂದು ಹೈಕೋರ್ಟ್ ಹೇಳಿತು. ಯಾರದ್ದು ತಪ್ಪು ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ಹಲ್ಲೆ ಕೇಸು ಎರಡೇ ದಿನದಲ್ಲಿ ಹೇಗೆ ಮಗ್ಗುಲು ಬದಲಿಸುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಸಿಗುವುದು ಕಡಿಮೆ.

ನಮ್ಮಲ್ಲಿ ಕೌಂಟರ್ ಕೇಸು ಎಂದರೆ ‘ರಾಜಿಗೆ ಎಳೆಯುವ ಹಗ್ಗ’ ಎಂಬ ಭಾವನೆ ಬೇರೂರಿದೆ. ಬಹಳ ಸಲ ಅದು ನಿಜವೂ ಹೌದು. ಆದರೆ ನಿಜವಾಗಿ ಪೆಟ್ಟು ತಿಂದ ಆರೋಪಿಗೆ ಇರುವ ದಾರಿಯೂ ಅದೇ. ಅದಕ್ಕೆ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಉಪಕಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಎರಡೂ ಕೇಸುಗಳನ್ನು ಒಬ್ಬರೇ ನ್ಯಾಯಾಧೀಶರು, ಒಂದರ ಹಿಂದೆ ಒಂದು ಕೇಳಬೇಕು ಎಂಬ ನಿಯಮವೂ ಇದೆ. ಇನ್ನೊಂದು ಹಳೆಯ ತೀರ್ಪು 1976ರ ಲಕ್ಷ್ಮಿ ಸಿಂಗ್ ವಿರುದ್ಧ ಬಿಹಾರ ರಾಜ್ಯ. ಅದೇ ಜಗಳದಲ್ಲಿ ಆರೋಪಿಗೂ ಗಾಯವಾಗಿದ್ದು, ಅದು ಹೇಗಾಯಿತೆಂದು ಪ್ರಾಸಿಕ್ಯೂಷನ್ ವಿವರಿಸದಿದ್ದರೆ, ಅವರು ನಿಜ ಸಂಗತಿ ಮುಚ್ಚಿಟ್ಟಿದ್ದಾರೆ ಎಂದು ಕೋರ್ಟ್ ಭಾವಿಸಬಹುದು. ಹಾಗಾಗಿ ‘ನನಗೇನೂ ಆಗಿಲ್ಲ ಬಿಡಿ’ ಎಂದು ಮನೆಗೆ ಹೋಗಿ ಅರಿಶಿನ ಹಚ್ಚಿಕೊಂಡು ಮಲಗಬೇಡಿ. ಆಸ್ಪತ್ರೆಗೆ ಹೋಗಿ ದಾಖಲಿಸಿ.

ಆತ್ಮರಕ್ಷಣೆಯ ಹಕ್ಕು ಸೆಕ್ಷನ್ 34ರಿಂದ 44ರ ತನಕ ಇದೆ. ಅಪಾಯ ಇರುವಷ್ಟು ಹೊತ್ತು, ಅಪಾಯದ ಅಳತೆಯಷ್ಟು ಮಾತ್ರ. ಓಡಿ ಹೋಗುತ್ತಿದ್ದವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ಆತ್ಮರಕ್ಷಣೆಯಲ್ಲ, ಸೇಡು. ಆದರೆ ಆ ಕ್ಷಣದಲ್ಲಿ ಪೆಟ್ಟನ್ನು ತಕ್ಕಡಿಯಲ್ಲಿ ತೂಗಿ ಹೊಡೆಯಲು ಯಾರಿಗೂ ಆಗುವುದಿಲ್ಲ ಎಂಬುದನ್ನೂ ಕೋರ್ಟುಗಳು ಒಪ್ಪಿವೆ. ಅದನ್ನು ಸಾಬೀತು ಮಾಡುವ ಹೊರೆ ಆರೋಪಿಯದ್ದೇ, ಆದರೆ ಪ್ರಾಸಿಕ್ಯೂಷನ್ನಿನಷ್ಟು ಭಾರದ್ದಲ್ಲ. ಹೀಗೆ ಆಗಿರುವ ಸಾಧ್ಯತೆಯೇ ಜಾಸ್ತಿ ಎಂದು ತೋರಿಸಿದರೆ ಸಾಕು.

ಸಿಸಿಟಿವಿ ವಿಷಯದಲ್ಲಿ ತಡ ಮಾಡಬಾರದು. ಅಂಗಡಿಯ ಕ್ಯಾಮೆರಾ ಕೆಲವೇ ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತದೆ. ಅದನ್ನು ಉಳಿಸಿ ಎಂದು ಅಂಗಡಿಯವರಿಗೂ ತನಿಖಾಧಿಕಾರಿಗೂ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಕೋರ್ಟಿನಲ್ಲಿ ಅದು ನಿಲ್ಲಬೇಕಾದರೆ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಆದ ತುಣುಕು ಟಿವಿಯವರಿಗೆ ಸಾಕಾಗಬಹುದು, ನ್ಯಾಯಾಧೀಶರಿಗೆ ಸಾಲದು.

ಠಾಣೆಯಿಂದ ಫೋನ್ ಬಂದಾಗ

‘ಸ್ವಲ್ಪ ಠಾಣೆಗೆ ಬಂದು ಹೋಗಿ’ ಎಂಬ ಫೋನಿಗೆ ಮನೆಯವರೆಲ್ಲ ನಡುಗುತ್ತಾರೆ. ಏಳು ವರ್ಷದ ತನಕ ಶಿಕ್ಷೆ ಇರುವ ಅಪರಾಧಗಳಲ್ಲಿ ಬಂಧನವೇ ಮೊದಲ ಹೆಜ್ಜೆ ಆಗಬಾರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಹಳೆಯ 41ಎ ನೋಟಿಸ್ ಈಗ ಸುರಕ್ಷಾ ಸಂಹಿತೆಯ 35(3) ನೋಟಿಸ್. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರಲ್ಲಿ ಸ್ಪಷ್ಟವಾಗಿದೆ. ನೋಟಿಸ್ ಬಂದರೆ ಹೋಗಲೇಬೇಕು. ಹೋದರೆ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ.

ಹೋಗುವ ಮೊದಲು ವಕೀಲರನ್ನು ನೋಡಿ. ಎಫ್‌ಐಆರ್ ಪ್ರತಿ ಓದಿ. ಸೂಕ್ಷ್ಮವಲ್ಲದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು ಎಂದು 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮನ್ನೇ ಸಿಕ್ಕಿಸುವ ಪ್ರಶ್ನೆಗೆ ಉತ್ತರಿಸದಿರುವ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲಿದೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ನಿಮ್ಮ ವಿರುದ್ಧ ಸಾಕ್ಷ್ಯವಾಗುವುದಿಲ್ಲ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದ್ಯಾವುದೂ ಆಗದಿದ್ದರೆ ಅದನ್ನು ಮ್ಯಾಜಿಸ್ಟ್ರೇಟರಿಗೆ ಬಾಯಿಬಿಟ್ಟು ಹೇಳಿ. ಅಲ್ಲಿ ಸುಮ್ಮನೆ ತಲೆ ತಗ್ಗಿಸಿ ನಿಲ್ಲುವವರೇ ಜಾಸ್ತಿ.

118(1) ಅಥವಾ 132ರಂಥ ಸೆಕ್ಷನ್ ಇದ್ದರೆ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನಿಗೆ, ಸೆಷನ್ಸ್ ಕೋರ್ಟಿಗೆ ಹೋಗಬಹುದು, ಸುರಕ್ಷಾ ಸಂಹಿತೆಯ ಈಗಿನ ಸೆಕ್ಷನ್ 482. ಹಳೆಯ ಕಾನೂನಿನಲ್ಲಿ 482 ಎಂದರೆ ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಿಸುವ ಸೆಕ್ಷನ್, ಅದು ಈಗ 528 ಆಗಿದೆ. ಸಂಖ್ಯೆ ಕೇಳಿ ಮೋಸ ಹೋಗಬೇಡಿ. ಇದೇ ಗೊಂದಲ 126ರಲ್ಲೂ ಇದೆ. ನ್ಯಾಯ ಸಂಹಿತೆಯ 126 ಎಂದರೆ ಅಡ್ಡಗಟ್ಟುವುದು. ಸುರಕ್ಷಾ ಸಂಹಿತೆಯ 126 ಎಂದರೆ ಹಳ್ಳಿಯವರ ಬಾಯಲ್ಲಿರುವ ‘107 ಕೇಸು’. ಶಾಂತಿ ಕಾಪಾಡುತ್ತೇನೆ ಎಂದು ತಹಶೀಲ್ದಾರರ ಮುಂದೆ, ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಬಾಂಡ್ ಬರೆದುಕೊಡುವುದು. ಅದು ಶಿಕ್ಷೆಯಲ್ಲ. ಮುರಿದರೆ ಮಾತ್ರ ತೊಂದರೆ.

ಜಾತಿ ಹಿಡಿದು ಬೈದ ಆರೋಪವಿದ್ದು ದೂರುದಾರರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಲೆಕ್ಕವೇ ಬೇರೆ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಿರೀಕ್ಷಣಾ ಜಾಮೀನಿಗೆ ತಡೆ ಇದೆ. ಮೇಲ್ನೋಟಕ್ಕೇ ಕೇಸು ನಿಲ್ಲುವುದಿಲ್ಲ ಎಂದಾಗ ಮಾತ್ರ ಕೋರ್ಟ್ ಆ ತಡೆಯನ್ನು ದಾಟುತ್ತದೆ.

ಜಾಮೀನು ಸಿಕ್ಕರೂ ಜಾಮೀನುದಾರರು ಬೇಕು. ಪಹಣಿ ಹಿಡಿದು ಬರುವ ಪರಿಚಯಸ್ಥರಿಲ್ಲದೆ ದಿನಗಟ್ಟಲೆ ಒಳಗೇ ಉಳಿದವರು ಹೆಚ್ಚಾಗಿ ವಲಸೆ ಕೂಲಿಗಳು. ದೊಡ್ಡ ಮೊತ್ತದ, ಅದೇ ಜಿಲ್ಲೆಯವರದ್ದೇ ಶ್ಯೂರಿಟಿ ಬೇಕೆನ್ನುವುದು ತಪ್ಪು ಎಂದು 1978ರಲ್ಲೇ ಮೋತಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪನ್ನು ನೆನಪಿಸುವ ವಕೀಲರು ಬೇಕು, ಅಷ್ಟೇ.

ವಕೀಲರಿಗೆ ದುಡ್ಡಿಲ್ಲ ಎಂದರೆ? ಹೆಂಗಸರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಫೋನ್ ಮಾಡಬಹುದು. ‘ಸರ್ಕಾರಿ ವಕೀಲರು ಏನು ಮಾಡ್ತಾರೆ’ ಎಂಬ ಅಸಡ್ಡೆ ನಮ್ಮಲ್ಲಿದೆ. 2022ರಿಂದ ಜಿಲ್ಲೆಗಳಲ್ಲಿ ಆರೋಪಿಗಳ ಪರವಾಗಿಯೇ ಪೂರ್ಣಾವಧಿ ವಕೀಲರನ್ನು ನೇಮಿಸುವ ವ್ಯವಸ್ಥೆ ಬಂದಿದೆ. ಖಾಸಗಿ ವಕೀಲರಾದರೆ, ವಕಾಲತ್ತಿಗೆ ಸಹಿ ಹಾಕುವ ಮೊದಲು ಫೀಸು ಜಾಮೀನಿನ ತನಕವೋ ತೀರ್ಪಿನ ತನಕವೋ ಎಂದು ಕೇಳಿಬಿಡಿ. ಮುಜುಗರ ಪಟ್ಟುಕೊಂಡು ಕೇಳದೆ ಆಮೇಲೆ ಜಗಳವಾಡುವುದಕ್ಕಿಂತ ಅದು ವಾಸಿ.

ರಾಜಿಯ ದಿನ

ಚಾರ್ಜ್‌ಶೀಟ್ ಬಂದು, ಸಾಕ್ಷಿ ಶುರುವಾಗುವ ಹೊತ್ತಿಗೆ ಊರ ಹಬ್ಬದಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡಿರುತ್ತಾರೆ. 115(2)ರಂಥವನ್ನು ಗಾಯಾಳು ಒಪ್ಪಿದರೆ ಮ್ಯಾಜಿಸ್ಟ್ರೇಟರ ಮುಂದೆಯೇ, ಲೋಕ ಅದಾಲತ್‌ನಲ್ಲೇ ರಾಜಿ ಮಾಡಿಕೊಳ್ಳಬಹುದು. ಆಯುಧದ 118 ರಾಜಿಯ ಪಟ್ಟಿಯಲ್ಲಿಲ್ಲ. ಅದಕ್ಕೆ ಹೈಕೋರ್ಟಿಗೆ ಹೋಗಿ 528ರಲ್ಲಿ ರದ್ದು ಕೇಳಬೇಕು. ಖಾಸಗಿ ಸ್ವರೂಪದ ಜಗಳಗಳಲ್ಲಿ ಹೀಗೆ ಮಾಡಬಹುದು ಎಂದು 2012ರ ಗಿಯಾನ್ ಸಿಂಗ್ ತೀರ್ಪು ದಾರಿ ತೆರೆಯಿತು. ಹಳ್ಳಿಯ ಕೂಲಿಯವರಿಗೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಪೀಠಕ್ಕೆ ಹೋಗುವುದು ಚಿಕ್ಕ ಖರ್ಚಲ್ಲ. ಆದ್ದರಿಂದಲೇ ಬಹಳ ಕಡೆ ರಾಜಿ ಇನ್ನೊಂದು ರೂಪದಲ್ಲಿ ನಡೆಯುತ್ತದೆ: ಸಾಕ್ಷಿಗಳು ‘ನನಗೇನೂ ಗೊತ್ತಿಲ್ಲ’ ಎಂದು ಪ್ರತಿಕೂಲರಾಗುತ್ತಾರೆ, ಕೇಸು ಬಿದ್ದುಹೋಗುತ್ತದೆ. ಎಲ್ಲರಿಗೂ ಗೊತ್ತಿರುವ ಗುಟ್ಟು ಇದು. ದೊಣ್ಣೆಯ ಚಿಕ್ಕ ಗಾಯವನ್ನೂ ರಾಜಿಯ ಪಟ್ಟಿಗೆ ಸೇರಿಸಿದ್ದರೆ ಈ ನಾಟಕ ಕಡಿಮೆಯಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ತಪ್ಪು ಸಾಬೀತಾದರೂ ಮೊದಲ ಸಲದವರಿಗೆ 1958ರ ಪ್ರೊಬೇಷನ್ ಕಾಯ್ದೆ ಇದೆ. ಜೈಲಿನ ಬದಲು ಒಳ್ಳೆಯ ನಡತೆಯ ಬಾಂಡ್ ಪಡೆದು ಬಿಡಬಹುದು. ಚಿಕ್ಕ ಹೊಡೆದಾಟದ ಕೇಸುಗಳಲ್ಲಿ ಅದನ್ನು ಕೇಳಲು ಮರೆಯಬಾರದು.

ಕಡೆಗೆ ಉಳಿಯುವುದು ಅರ್ಜಿಗಳ ಕಾಲಂ. ಕೋರ್ಟಿನಲ್ಲಿ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟಿಗೆ ಅದೇ ಕೋರ್ಟಿನ ಅನುಮತಿ ಬೇಕಾಗುತ್ತದೆ. ಹೊರದೇಶಕ್ಕೆ ಹೊರಟ ಎಂಜಿನಿಯರಿಗೆ ಪಾರ್ಕಿಂಗ್ ಜಗಳದ ಬೆಲೆ ಅಲ್ಲಿ ಗೊತ್ತಾಗುತ್ತದೆ. ಸರ್ಕಾರಿ ಕೆಲಸದ ಪರಿಶೀಲನಾ ಫಾರಂನಲ್ಲಿ ‘ಕೇಸು ಇದೆಯೇ?’ ಎಂದು ಕೇಳಿದ್ದಕ್ಕೆ ‘ಇಲ್ಲ’ ಎಂದು ಬರೆದು ಕೆಲಸ ಕಳೆದುಕೊಂಡವರಿದ್ದಾರೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ನೋಡಿತು: ನಿಜ ಹೇಳಿದ್ದರೆ ಚಿಕ್ಕ ಕೇಸನ್ನು ನೇಮಕಾತಿ ಅಧಿಕಾರಿ ಪಕ್ಕಕ್ಕಿಡಬಹುದು, ಮುಚ್ಚಿಟ್ಟಿದ್ದರೆ ಆ ಮುಚ್ಚಿಟ್ಟದ್ದೇ ಕೆಲಸಕ್ಕೆ ಕುತ್ತಾಗಬಹುದು. ಖುಲಾಸೆಯಾಗಿದ್ದರೂ ಆ ಕಾಲಂನಲ್ಲಿ ಕೇಸಿನ ನಂಬರ್ ಬರೆದು, ತೀರ್ಪಿನ ದೃಢೀಕೃತ ಪ್ರತಿಯನ್ನು ಪಿನ್ ಮಾಡಿ ಕೊಡಿ.